ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು: ಚಿತ್ರದಿಂದ ನೆಲವನ್ನಳೆಯುವ ವಿದ್ಯೆಯ ಕಥೆ



ಸ್ವಾಮಿತ್ವ ಯೋಜನೆಯ ಡ್ರೋನು ನಮ್ಮ ಊರಿಗೆ ಬಂದ ದಿನ ಗ್ರಾಮಠಾಣಾದ ತುಂಬ ಸುಣ್ಣದ ಗೆರೆಗಳು. ಯಾರ ಹಿತ್ತಿಲು ಎಲ್ಲಿಗೆ ಮುಗಿಯುತ್ತದೆ, ಯಾರ ಅಂಗಳ ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ಮನೆಯವರ ಎದುರಿನಲ್ಲಿಯೇ ಗುರುತಿಸಿ ಸುಣ್ಣದ ಪುಡಿ ಹಾಕಿದ್ದರು. 2020ರ ಏಪ್ರಿಲ್ 24ರಂದು ಆರಂಭವಾದ ಈ ಯೋಜನೆಯ ಪ್ರಾಯೋಗಿಕ ಹಂತದ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಯಂತ್ರವು ಗುಂಯ್‌ಗುಡುತ್ತ ಮೇಲೇರಿ, ಊರಿನ ನೆತ್ತಿಯ ಮೇಲೆ ನೇಗಿಲ ಸಾಲಿನಂತೆ ಅತ್ತಿಂದಿತ್ತ ಹಾರಾಡಿ, ಕೆಲವೇ ಹೊತ್ತಿನಲ್ಲಿ ಕೆಳಗಿಳಿಯಿತು. ನನ್ನ ಪಕ್ಕದಲ್ಲಿ ನಿಂತಿದ್ದ ತಂಗಿಯ ಮೊಮ್ಮಗ ಕೇಳಿದ: "ಅಜ್ಜ, ಹೊಲ ಅಳೆಯೋರು ಸರಪಳಿ ಹಿಡೀತಾರೆ. ಇವರು ಬರೀ ಫೋಟೋ ತೆಗೆದರು. ಫೋಟೋದಲ್ಲಿ ಅಳತೆ ಎಲ್ಲಿರುತ್ತೆ?"

ಮೂವತ್ತಕ್ಕೂ ಹೆಚ್ಚು ವರ್ಷ ಭೂಗೋಳ ಬೋಧಿಸಿದವನಿಗೆ ಇಂತಹ ಪ್ರಶ್ನೆ ಹಬ್ಬದೂಟದಂತೆ. ಅವನಿಗೆ ಅಲ್ಲಿಯೇ ಉತ್ತರ ಹೇಳಿದೆನಾದರೂ, ಆ ಉತ್ತರದ ಹಿಂದಿರುವ ಇತಿಹಾಸವನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿತು. ಚಿತ್ರದಿಂದ ಅಳತೆ ತೆಗೆಯುವ ಈ ವಿದ್ಯೆಗೆ ಫೋಟೋಗ್ರಾಮೆಟ್ರಿ ಎಂದು ಹೆಸರು. ಛಾಯಾಚಿತ್ರಮಾಪನ ಎಂದು ಕನ್ನಡದಲ್ಲಿ ಕರೆಯೋಣ. ಇದನ್ನು ಯಾರು ಯಾರಿಗೆ ಕಲಿಸಿದರು, ಎಲ್ಲಿ ಕಲಿಸಿದರು, ಏಕೆ ಕಲಿಸಿದರು ಎಂಬುದೇ ಈ ಲೇಖನದ ವಸ್ತು.

ಮೊದಲು ಹುಡುಗನಿಗೆ ಹೇಳಿದ ಉತ್ತರ. ಹೆಬ್ಬೆರಳನ್ನು ಮುಖದ ಮುಂದೆ ಚಾಚಿ ಹಿಡಿಯಿರಿ. ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡಿ; ಅನಂತರ ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿ. ಬೆರಳು ಜಿಗಿದಂತೆ ಕಾಣುತ್ತದೆ. ಬೆರಳು ಹತ್ತಿರವಿದ್ದಷ್ಟೂ ಜಿಗಿತ ಹೆಚ್ಚು, ದೂರವಾದಷ್ಟೂ ಕಡಿಮೆ. ಈ ಜಿಗಿತಕ್ಕೆ ಪ್ಯಾರಲಾಕ್ಸ್ ಎನ್ನುತ್ತಾರೆ. ವಿಮಾನವೊಂದು ನೇರವಾಗಿ ಹಾರುತ್ತ, ಒಂದು ಚಿತ್ರದ ಸುಮಾರು ಶೇಕಡ 60 ಭಾಗ ಮುಂದಿನ ಚಿತ್ರದಲ್ಲಿಯೂ ಬರುವಂತೆ ಚಿತ್ರ ತೆಗೆಯುತ್ತ ಹೋದರೆ, ಆ ಎರಡು ಚಿತ್ರಗಳು ಆಕಾಶದಲ್ಲಿರುವ ದೈತ್ಯನೊಬ್ಬನ ಎರಡು ಕಣ್ಣುಗಳಂತೆ. ಬೆಟ್ಟದ ತುದಿ ಕ್ಯಾಮೆರಾಕ್ಕೆ ಹತ್ತಿರ, ಕಣಿವೆಯ ತಳ ದೂರ. ಆದ್ದರಿಂದ ತುದಿ ಹೆಚ್ಚು ಜಿಗಿಯುತ್ತದೆ, ತಳ ಕಡಿಮೆ. ಆ ಜಿಗಿತವನ್ನು ಅಳೆದರೆ ಎತ್ತರ ತಿಳಿಯುತ್ತದೆ. ಇದರ ಜೊತೆಗೆ ನೆಲದ ಮೇಲೆ ನಿಖರವಾಗಿ ಅಳೆದ ಕೆಲವು ಬಿಂದುಗಳಿದ್ದರೆ ಸಾಕು, ಚಿತ್ರದಲ್ಲಿರುವ ಪ್ರತಿಯೊಂದು ಸ್ಥಳಕ್ಕೂ ಉದ್ದ, ಅಗಲ, ಎತ್ತರಗಳು ದೊರೆಯುತ್ತವೆ. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಈ ವಿದ್ಯೆಯು ಹುಟ್ಟಿದ್ದು ವಿಶ್ವವಿದ್ಯಾನಿಲಯದಲ್ಲಲ್ಲ. 1858ರಲ್ಲಿ ಆಲ್ಬ್ರೆಕ್ಟ್ ಮೈಡೆನ್‌ಬಾವರ್ ಎಂಬ ಜರ್ಮನ್ ತರುಣ ವೆಟ್ಸ್‌ಲಾರ್ ಪಟ್ಟಣದ ಹಳೆಯ ಚರ್ಚಿನ ಅಳತೆ ತೆಗೆಯುತ್ತಿದ್ದಾಗ ಎತ್ತರದಿಂದ ಬೀಳುವುದರಿಂದ ಕೂದಲೆಳೆಯಷ್ಟರಲ್ಲಿ ಪಾರಾದನಂತೆ. ಪ್ರಾಣವನ್ನು ಪಣಕ್ಕಿಡದೆ, ಚಿತ್ರ ತೆಗೆದು ಅದರಲ್ಲಿಯೇ ಅಳೆಯಬಾರದೇಕೆ ಎಂಬ ಆಲೋಚನೆ ಆತನಿಗೆ ಹೊಳೆಯಿತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಫ್ರಾನ್ಸಿನ ಸೇನಾಧಿಕಾರಿ ಎಮೆ ಲೋಸ್ಡಾ ಕೂಡ ಛಾಯಾಚಿತ್ರಗಳಿಂದ ನಕ್ಷೆ ರಚಿಸುವ ಪ್ರಯೋಗಗಳಲ್ಲಿ ತೊಡಗಿದ್ದರು. 'ಫೋಟೋಗ್ರಾಮೆಟ್ರಿ' ಎಂಬ ಪದ 1867ರಲ್ಲಿ ಮೈಡೆನ್‌ಬಾವರ್ ಅವರ ಲೇಖನದ ಶೀರ್ಷಿಕೆಯಾಗಿ ಅಚ್ಚಾಯಿತು. 1885ರಲ್ಲಿ ಬರ್ಲಿನ್ನಿನಲ್ಲಿ, ಪ್ರಷ್ಯಾದ ಪ್ರಾಚೀನ ಕಟ್ಟಡಗಳನ್ನು ಚಿತ್ರಗಳ ಮೂಲಕ ಅಳೆದಿಡುವ ಸರ್ಕಾರಿ ಸಂಸ್ಥೆಯೊಂದು ಅವರ ನೇತೃತ್ವದಲ್ಲಿಯೇ ಸ್ಥಾಪನೆಯಾಯಿತು.

ಕಲಿಕೆಯ ಇತಿಹಾಸ ಆರಂಭವಾಗುವುದು ಯೇನಾ ಪಟ್ಟಣದಲ್ಲಿ. ಅಲ್ಲಿನ ಪ್ರಸಿದ್ಧ ಝೈಸ್ ಮಸೂರ ಕಾರ್ಖಾನೆಯಲ್ಲಿದ್ದ ಕಾರ್ಲ್ ಪುಲ್ಫ್ರಿಕ್ ಎಂಬ ವಿಜ್ಞಾನಿ 1901ರಲ್ಲಿ, ಎರಡು ಚಿತ್ರಗಳನ್ನು ಎರಡು ಕಣ್ಣುಗಳಿಂದ ಒಟ್ಟಿಗೆ ನೋಡುತ್ತ ಅಳೆಯುವ ಸ್ಟೀರಿಯೋಕಂಪ್ಯಾರೇಟರ್ ಎಂಬ ಉಪಕರಣವನ್ನು ಪ್ರಕಟಪಡಿಸಿದರು. ಉಪಕರಣವೇನೋ ಬಂತು, ಬಳಸಬಲ್ಲವರು ಎಲ್ಲಿ? ಆಗ ಪುಲ್ಫ್ರಿಕ್ ಅವರು 1909ರಲ್ಲಿ ಯೇನಾದಲ್ಲಿಯೇ ಒಂದು ರಜಾಕಾಲದ ಶಿಬಿರವನ್ನು ಏರ್ಪಡಿಸಿ ಕಲಿಸತೊಡಗಿದರು. ಆ ಶಿಬಿರವೇ ಮುಂದೆ 'ಫೋಟೋಗ್ರಾಮೆಟ್ರಿ ಸಪ್ತಾಹ' ಎಂಬ ಹೆಸರಿನಲ್ಲಿ ಬೆಳೆದು, 1973ರಿಂದ ಸ್ಟುಟ್‌ಗಾರ್ಟ್ ವಿಶ್ವವಿದ್ಯಾನಿಲಯದ ಆಶ್ರಯಕ್ಕೆ ಬಂದಿತು. ಇಲ್ಲೊಂದು ಮನ ಕಲಕುವ ಸಂಗತಿಯಿದೆ. ಎರಡು ಕಣ್ಣಿನ ನೋಟವನ್ನೇ ಶಾಸ್ತ್ರವಾಗಿಸಿದ ಈ ಮಹನೀಯರು 1906ರ ಸುಮಾರಿನಲ್ಲಿ ತಮ್ಮ ಒಂದು ಕಣ್ಣಿನ ದೃಷ್ಟಿಯನ್ನು ಕಳೆದುಕೊಂಡಿದ್ದರು. ಎಂದರೆ, ತಾವು ಕಾಣಲಾರದುದನ್ನು ಇತರರಿಗೆ ಕಾಣಿಸಿಕೊಟ್ಟ ಗುರು ಅವರು! ಅಧ್ಯಾಪಕ ವೃತ್ತಿಯಲ್ಲಿದ್ದವರೆಲ್ಲರೂ ಈ ಮಾತನ್ನು ಒಂದು ಕ್ಷಣ ಮೆಲುಕು ಹಾಕಬೇಕು.

ಶಿಬಿರ ನಡೆದದ್ದು ಕಾರ್ಖಾನೆಯವರ ಊರಿನಲ್ಲಿ, ಕಾಲೇಜಿನಲ್ಲಲ್ಲ ಎಂಬುದಕ್ಕೆ ಕಾರಣವಿದೆ. ಈ ವಿದ್ಯೆಗೆ ಎರಡು ಮುಖಗಳು. ಒಂದು ಗಣಿತ: ಕ್ಯಾಮೆರಾ ಎಲ್ಲಿತ್ತು, ಎಷ್ಟು ವಾಲಿತ್ತು ಎಂಬುದನ್ನು ಲೆಕ್ಕದಿಂದ ಕಂಡುಹಿಡಿಯುವುದು. ಇದನ್ನು ಕರಿಹಲಗೆಯ ಮೇಲೆ ಕಲಿಸಬಹುದು. ಇನ್ನೊಂದು ಕಣ್ಣು ಮತ್ತು ಕೈ. ಇದಕ್ಕೆ ಉಪಕರಣವೇ ಬೇಕು. ಉಪಕರಣವೋ ಕೈಗೆಟುಕದಷ್ಟು ದುಬಾರಿ. ವಿಯೆನ್ನಾದ ಪ್ರಾಧ್ಯಾಪಕ ಎಡ್ವರ್ಡ್ ಡೋಲೆಜಾಲ್ 1907ರಲ್ಲಿ ಆಸ್ಟ್ರಿಯಾದ ಸಂಘವನ್ನೂ 1910ರಲ್ಲಿ ಅಂತರರಾಷ್ಟ್ರೀಯ ಸಂಘವನ್ನೂ ಕಟ್ಟಿ ಈ ವಿದ್ಯೆಗೆ ಶಾಸ್ತ್ರದ ಗೌರವ ತಂದುಕೊಟ್ಟರು. ಅಮೆರಿಕದ ಸಿರಕ್ಯೂಸ್ ವಿಶ್ವವಿದ್ಯಾನಿಲಯದಲ್ಲಿ ಅರ್ಲ್ ಚರ್ಚ್ 1930ರ ದಶಕದಲ್ಲಿ ಇದರ ಗಣಿತವನ್ನು ವ್ಯವಸ್ಥಿತವಾಗಿ ಬೋಧಿಸಿದರು. ಆದರೂ ಗಣಿತವನ್ನು, ಕಣ್ಣನ್ನು, ಕೈಯನ್ನು ಒಂದೇ ಸೂರಿನಡಿ ಪಳಗಿಸುವ ಶಾಲೆ, ಅದೂ ಬಡ ದೇಶಗಳವರಿಗೆ ಬಾಗಿಲು ತೆರೆದ ಶಾಲೆ, ಹುಟ್ಟಬೇಕಾಗಿತ್ತು.

ಕಣ್ಣು ಪಳಗಿಸುವುದು ಎಂದೆನಲ್ಲ, ಅದೇನೆಂದು ನನ್ನ ಅನುಭವದಿಂದಲೇ ಹೇಳುತ್ತೇನೆ. ಭೂಗೋಳ ಅಧ್ಯಾಪಕರಿಗಾಗಿ ನಡೆದ ಬೇಸಿಗೆ ಶಿಬಿರವೊಂದರಲ್ಲಿ ನಮ್ಮೆಲ್ಲರ ಮುಂದೆ ಪುಟ್ಟ ಕಾಲುಗಳ ಮೇಲೆ ನಿಂತ ಎರಡು ಮಸೂರಗಳ ಸ್ಟೀರಿಯೋಸ್ಕೋಪನ್ನು ಇಟ್ಟು, ಅದರ ಕೆಳಗೆ ಎರಡು ಚಿತ್ರಗಳನ್ನು ಜೋಡಿಸಿದ್ದರು. ನಾನು ಬಗ್ಗಿ ನೋಡಿದೆ. ಎರಡು ಮಸುಕು ಚಿತ್ರಗಳು, ಅಷ್ಟೇ. ಪಕ್ಕದವರು "ಆಹಾ" ಎನ್ನುತ್ತಿದ್ದರು, ನನಗೆ ಅವಮಾನ. ಹತ್ತು ನಿಮಿಷ ಕಳೆದಿರಬೇಕು. ಇದ್ದಕ್ಕಿದ್ದಂತೆ ಎರಡೂ ಚಿತ್ರಗಳು ಒಂದರೊಳಗೊಂದು ಸೇರಿದವು; ಕಾಗದದ ಮೇಲಿದ್ದ ಗುಡ್ಡ ನನ್ನ ಮೂಗಿನತ್ತ ಎದ್ದು ನಿಂತಿತು, ಹಳ್ಳ ಮೇಜಿನೊಳಕ್ಕೆ ಇಳಿಯಿತು. ನಾನು ತಲೆಯನ್ನು ಹಿಂದಕ್ಕೆ ಎಳೆದುಕೊಂಡೆ! ಸಮೋನ್ನತ ರೇಖೆಗಳನ್ನು ವರ್ಷಗಟ್ಟಲೆ ಬೋಧಿಸಿದ್ದ ನನಗೆ ಅವು ಏನೆಂದು ಅಂದು ಅರ್ಥವಾಯಿತು. ಆ ಶಿಬಿರದ ಗುರುಗಳು ನನ್ನ ಬದಲಿಗೆ ನೋಡಲು ಸಾಧ್ಯವಿರಲಿಲ್ಲ. ಅವರು ಕಾಯಬಹುದಾಗಿತ್ತು, ಕಾದರು.

ನಕ್ಷೆ ರಚಿಸುವ ದೊಡ್ಡ ಯಂತ್ರಗಳಲ್ಲಿ ಈ ಎದ್ದು ನಿಂತ ನೆಲದ ಮೇಲೆ ಒಂದು ಸಣ್ಣ ಚುಕ್ಕೆ ತೇಲುತ್ತಿರುತ್ತದೆ. ಚಕ್ರಗಳನ್ನು ತಿರುಗಿಸುತ್ತ ಆ ಚುಕ್ಕೆ ನೆಲಕ್ಕೆ ಸರಿಯಾಗಿ ತಾಗುವಂತೆ, ನೆಲದೊಳಗೆ ಹೂತುಹೋಗದಂತೆ, ಗಾಳಿಯಲ್ಲಿ ತೇಲದಂತೆ ನಡೆಸಿಕೊಂಡು ಹೋಗಬೇಕು. ಒಂದೇ ಎತ್ತರದಲ್ಲಿ ಚುಕ್ಕೆಯನ್ನು ಬೆಟ್ಟದ ಸುತ್ತ ನಡೆಸಿದರೆ, ಯಂತ್ರಕ್ಕೆ ಜೋಡಿಸಿದ ಪೆನ್ಸಿಲು ಕಾಗದದ ಮೇಲೆ ಸಮೋನ್ನತ ರೇಖೆಯನ್ನು ಎಳೆಯುತ್ತದೆ. ಈ ಹದ ಕೈಗೆ ಬರಲು ತಿಂಗಳುಗಟ್ಟಲೆ ಅಭ್ಯಾಸ ಬೇಕಾಗುತ್ತಿತ್ತು. ನಮ್ಮ ವೀಣಾ ಪಾಠದಂತೆ, ಪುಸ್ತಕ ಓದಿ ಬರುವ ವಿದ್ಯೆ ಇದಲ್ಲ.

ಇಂತಹ ಶಾಲೆಯನ್ನು ಕಟ್ಟಿದವರು ಹಾಲೆಂಡಿನ ವಿಲೆಮ್ ಸ್ಖೆರ್ಮೆರ್‌ಹಾರ್ನ್. ಇವರ ಜೀವನವೇ ಒಂದು ಪಾಠ. 1894ರಲ್ಲಿ ರೈತ ಕುಟುಂಬದಲ್ಲಿ ಜನಿಸಿ, ಡೆಲ್ಫ್ಟ್‌ನಲ್ಲಿ ಎಂಜಿನಿಯರಿಂಗ್ ಓದಿ, 1926ರಲ್ಲಿ ಅಲ್ಲಿಯೇ ಭೂಮಾಪನದ ಪ್ರಾಧ್ಯಾಪಕರಾದರು. 1930ರ ದಶಕದಲ್ಲಿ ಡಚ್ಚರ ಆಳ್ವಿಕೆಯಲ್ಲಿದ್ದ ನ್ಯೂಗಿನಿಯ ದಟ್ಟ ಕಾಡುಗಳನ್ನು ವಿಮಾನದ ಚಿತ್ರಗಳಿಂದ ನಕ್ಷೆಗಿಳಿಸುವ ಕಾರ್ಯದಲ್ಲಿ ತೊಡಗಿದರು. ಆ ನಕ್ಷೆಗಳು ಬೇಕಾಗಿದ್ದುದು ತೈಲ ಹುಡುಕುವವರಿಗೆ. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಇವರನ್ನು ಒತ್ತೆಯಾಳಾಗಿ ಬಂಧನದಲ್ಲಿಟ್ಟರು. ಯುದ್ಧ ಮುಗಿದೊಡನೆ, 1945ರ ಜೂನ್‌ನಲ್ಲಿ, ಈ ಭೂಮಾಪನದ ಮೇಷ್ಟ್ರು ಹಾಲೆಂಡಿನ ಪ್ರಧಾನಮಂತ್ರಿಯಾದರು! 1946ರ ಜುಲೈವರೆಗೆ ಆ ಹುದ್ದೆಯಲ್ಲಿದ್ದು, ಅನಂತರ ಇಂಡೋನೇಷ್ಯಾದ ಸ್ವಾತಂತ್ರ್ಯ ಹೋರಾಟಗಾರರೊಡನೆ ಸಂಧಾನ ನಡೆಸಿದ ಡಚ್ ನಿಯೋಗಕ್ಕೆ ಮುಖ್ಯಸ್ಥರಾದರು. ಜಾವಾ, ಮದುರಾ, ಸುಮಾತ್ರಾಗಳ ಮೇಲೆ ಇಂಡೋನೇಷ್ಯಾ ಗಣರಾಜ್ಯದ ಅಧಿಕಾರವನ್ನು ಒಪ್ಪಿದ ಲಿಂಗ್ಗಜಾತಿ ಒಪ್ಪಂದಕ್ಕೆ 1947ರ ಮಾರ್ಚ್‌ನಲ್ಲಿ ಸಹಿ ಬಿತ್ತು. ಆದರೆ ಕೆಲವೇ ತಿಂಗಳಲ್ಲಿ ಡಚ್ ಸೇನೆ ದಂಡೆತ್ತಿ ಹೋಗಿ, ಒಪ್ಪಂದ ಮುರಿದುಬಿತ್ತು.

ಪ್ರಧಾನಿಯಾಗಿದ್ದವರು ಅನಂತರ ಏನು ಮಾಡುತ್ತಾರೆ? ಇವರು ಶಾಲೆಗೆ ಮರಳಿದರು. 1950ರಲ್ಲಿ ಡೆಲ್ಫ್ಟ್‌ನಲ್ಲಿ ವೈಮಾನಿಕ ಸರ್ವೇಕ್ಷಣೆಯ ಅಂತರರಾಷ್ಟ್ರೀಯ ತರಬೇತಿ ಕೇಂದ್ರ, ಸಂಕ್ಷೇಪವಾಗಿ ಐಟಿಸಿ, ಸ್ಥಾಪನೆಯಾಯಿತು. 1964ರವರೆಗೂ ಸ್ಖೆರ್ಮೆರ್‌ಹಾರ್ನ್ ಅವರೇ ಅದನ್ನು ಮುನ್ನಡೆಸಿದರು. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳಿಂದ ಎಂಜಿನಿಯರುಗಳು, ಭೂವಿಜ್ಞಾನಿಗಳು, ಅರಣ್ಯಾಧಿಕಾರಿಗಳು ಬಂದು ಇಲ್ಲಿ ಕಲಿತು ಹಿಂದಿರುಗಿದರು. ಈ ಶಾಲೆ ತೆರೆದದ್ದು ಡಚ್ಚರ ಬಹುದೊಡ್ಡ ವಸಾಹತು ಕೈಬಿಟ್ಟುಹೋದ ಮರುವರ್ಷವೇ ಎಂಬುದನ್ನು ಗಮನಿಸಿರಿ. ಇದರಲ್ಲಿ ಡಚ್ಚರ ಸ್ವಾರ್ಥವೂ ಇದ್ದಿರಬಹುದು. ಆದರೆ ಬೇರೆಯವರ ನೆಲದ ನಕ್ಷೆ ರಚಿಸಿ ತಾನೇ ಇಟ್ಟುಕೊಳ್ಳುವುದಕ್ಕೂ, ತಮ್ಮ ನೆಲವನ್ನು ತಾವೇ ಅಳೆಯಲು ಅವರಿಗೆ ಕಲಿಸಿ ಕಳುಹಿಸುವುದಕ್ಕೂ ಇರುವ ಅಂತರ ಸಣ್ಣದಲ್ಲ. ಒಂದೇ ಜೀವಿತದಲ್ಲಿ ಎರಡನ್ನೂ ಮಾಡಿದ ವ್ಯಕ್ತಿಯವರು.

ಆ ಅಂತರದ ಬೆಲೆ ಏನೆಂಬುದನ್ನು ನಮ್ಮ ಕರ್ನಾಟಕದ ನೆಲವೇ ಬಲ್ಲದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬೆನ್ನಿಗೇ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೇಕ್ಷಣೆಗೆ ಬಂದ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಸರಪಳಿಯಿಂದ ಆಧಾರರೇಖೆ ಅಳೆದ. ಗೆದ್ದ ನೆಲವನ್ನು ಅಳೆಯದೆ ಆಳಲಾಗದು ಎಂಬುದನ್ನು ಕಂಪನಿಯವರು ಚೆನ್ನಾಗಿ ಅರಿತಿದ್ದರು. ಕೆಲಸಕ್ಕೆ ಕೈಗಳು ಬೇಕೆಂದು 1794ರಲ್ಲಿಯೇ ಮದರಾಸಿನಲ್ಲಿ ಎಂಟು ಹುಡುಗರಿಂದ ಸರ್ವೆ ಶಾಲೆಯೊಂದು ಆರಂಭವಾಗಿತ್ತು. ಇಂದಿನ ಗಿಂಡಿ ಎಂಜಿನಿಯರಿಂಗ್ ಕಾಲೇಜಿನ ಮೂಲ ಅದೇ. ಆದರೆ ಅಲ್ಲಿ ಕಲಿಸಿದ್ದು ದೊರೆಗಳ ಸರಪಳಿ ಹಿಡಿಯುವುದನ್ನು. ನಕ್ಷೆಯಲ್ಲಿ ಯಾವುದು ಬರಬೇಕು, ಯಾವುದು ಬರಬಾರದು ಎಂದು ತೀರ್ಮಾನಿಸುವ ಅಧಿಕಾರ ಅವರ ಕೈಗೆ ಬರಲಿಲ್ಲ.

ಸ್ವತಂತ್ರ ಭಾರತಕ್ಕೆ ಆ ಅಧಿಕಾರವನ್ನು ಬಳಸಬಲ್ಲ ಜನ ಬೇಕಾಗಿತ್ತು. 1957ರಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಹಾಲೆಂಡಿಗೆ ಭೇಟಿ ಕೊಟ್ಟಾಗ, ಇಂತಹದೊಂದು ಸಂಸ್ಥೆ ಭಾರತದಲ್ಲಿಯೂ ಇರಬೇಕೆಂಬ ಆಲೋಚನೆ ಮೂಡಿತು. 1966ರಲ್ಲಿ ಡಚ್ ಸರ್ಕಾರದ ಸಹಯೋಗದಿಂದ, ಐಟಿಸಿಯ ಮಾದರಿಯಲ್ಲಿ, ಡೆಹರಾಡೂನಿನಲ್ಲಿ ಇಂಡಿಯನ್ ಫೋಟೋ ಇಂಟರ್‌ಪ್ರಿಟೇಷನ್ ಇನ್‌ಸ್ಟಿಟ್ಯೂಟ್ ತೆರೆಯಿತು. ಸರ್ವೆ ಆಫ್ ಇಂಡಿಯಾದ ಆಶ್ರಯದಲ್ಲಿದ್ದ ಈ ಸಂಸ್ಥೆಯಲ್ಲಿ ಅರಣ್ಯ, ಮಣ್ಣು, ಶಿಲೆ ಇವುಗಳನ್ನು ವಿಮಾನದ ಚಿತ್ರಗಳಲ್ಲಿ ಓದುವುದನ್ನು ಕಲಿಸಲಾಯಿತು. ಮರುವರ್ಷ, 1967ರಲ್ಲಿ, ಸರ್ವೆ ಆಫ್ ಇಂಡಿಯಾದ ತರಬೇತಿ ಕೇಂದ್ರ ವಿಶ್ವಸಂಸ್ಥೆಯ ನೆರವಿನಿಂದ ಹೈದರಾಬಾದಿನಲ್ಲಿ ಆರಂಭವಾಯಿತು. ಡೆಹರಾಡೂನಿನ ಸಂಸ್ಥೆಯ ಸ್ವಂತ ಕಟ್ಟಡದ ಉದ್ಘಾಟನೆ ನಡೆದದ್ದು 1972ರ ಮೇ 27ರಂದು, ನೆಹರೂ ಅವರ ಪುಣ್ಯತಿಥಿಯ ದಿನ. ಆ ಕಟ್ಟಡವಿರುವ ಬೀದಿಯ ಹೆಸರು ಕಾಳಿದಾಸ ರಸ್ತೆ! ರಾಮಗಿರಿಯಿಂದ ಅಲಕಾನಗರಿಯವರೆಗಿನ ನೆಲವನ್ನು ಮೋಡದ ಎತ್ತರದಿಂದ ವರ್ಣಿಸಿದ ಕವಿಯ ಹೆಸರಿನ ಬೀದಿಗೆ ಇದಕ್ಕಿಂತ ತಕ್ಕ ನಿವಾಸಿ ದೊರೆಯಲಾರದು ಎಂದರೆ ಅತಿಶಯೋಕ್ತಿಯಾಗಲಾರದು.

ಇಷ್ಟೆಲ್ಲ ಆದರೂ ಒಂದು ವಿಪರ್ಯಾಸ ಬಹುಕಾಲ ಉಳಿದುಕೊಂಡಿತು. ಓದಬಲ್ಲವರನ್ನು ದೇಶ ತಯಾರಿಸಿತು, ಓದಬೇಕಾದ ಚಿತ್ರಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿತು. ರಕ್ಷಣೆಯ ಕಾರಣದಿಂದ ವೈಮಾನಿಕ ಚಿತ್ರಗಳು ಸುಲಭವಾಗಿ ಯಾರಿಗೂ ದೊರೆಯುತ್ತಿರಲಿಲ್ಲ. ನನ್ನ ತರಗತಿಯಲ್ಲಿ ನಿಮಗೆ ಸ್ಟೀರಿಯೋಸ್ಕೋಪಿನ ಚಿತ್ರವನ್ನು ಬೋರ್ಡಿನ ಮೇಲೆ ಬರೆದು ತೋರಿಸಿದ್ದು ನೆನಪಿರಬಹುದು. ನಮ್ಮದೇ ತಾಲ್ಲೂಕಿನ ಒಂದು ಜೊತೆ ಚಿತ್ರಗಳನ್ನು ನಿಮ್ಮ ಮುಂದಿಡಬೇಕೆಂಬ ಆಸೆ ನಾನು ನಿವೃತ್ತನಾಗುವವರೆಗೂ ಕೈಗೂಡಲಿಲ್ಲ. 2021ರ ಫೆಬ್ರವರಿ 15ರಂದು ಕೇಂದ್ರ ಸರ್ಕಾರ ಹೊಸ ಮಾರ್ಗಸೂಚಿ ಹೊರಡಿಸಿ, ಭಾರತೀಯರು ನಕ್ಷೆ ರಚಿಸುವುದಕ್ಕಿದ್ದ ಬಹುಪಾಲು ಪೂರ್ವಾನುಮತಿಗಳನ್ನು ತೆಗೆದುಹಾಕಿತು. ಆ ಸುದ್ದಿ ಓದಿದಾಗ ಸಂತೋಷವೂ ಆಯಿತು, ತಡವಾಯಿತಲ್ಲ ಎಂದೂ ಅನಿಸಿತು.

ಅಷ್ಟರಲ್ಲಿ ವಿದ್ಯೆಯ ರೂಪವೇ ಬದಲಾಗಿತ್ತು. 1957ರಲ್ಲಿ ಕೆನಡಾದಲ್ಲಿದ್ದ ಫಿನ್ಲೆಂಡ್ ಮೂಲದ ಊನೋ ಹೆಲಾವಾ, ಲೋಹದ ಸಲಾಕೆಗಳಿಂದ ನಡೆಯುತ್ತಿದ್ದ ಕೆಲಸವನ್ನು ಕಂಪ್ಯೂಟರಿನ ಲೆಕ್ಕದಿಂದ ಮಾಡಿಸುವ ಯಂತ್ರವನ್ನು ರೂಪಿಸಿದರು. ಮುಂದೆ ಚಿತ್ರಗಳೇ ಅಂಕಿಗಳಾದವು. ಎರಡು ಚಿತ್ರಗಳಲ್ಲಿ ಒಂದೇ ಬಿಂದುವನ್ನು ಹುಡುಕುವ ಕೆಲಸವನ್ನು ಕಂಪ್ಯೂಟರೇ ವಹಿಸಿಕೊಂಡಿತು. ಬೆಂಗಳೂರಿನಲ್ಲಿ ಸಿದ್ಧವಾಗಿ 2005ರ ಮೇ 5ರಂದು ಹಾರಿದ ಕಾರ್ಟೋಸ್ಯಾಟ್-1 ಉಪಗ್ರಹದಲ್ಲಿ ಒಂದು ಮುಂದಕ್ಕೆ, ಒಂದು ಹಿಂದಕ್ಕೆ ವಾಲಿದ ಎರಡು ಕ್ಯಾಮೆರಾಗಳಿದ್ದವು. ಸುಮಾರು 618 ಕಿಲೋಮೀಟರ್ ಎತ್ತರದಿಂದ ಅದು ನೆಲವನ್ನು ಜೋಡಿ ಚಿತ್ರಗಳಾಗಿ ಕಂಡಿತು. ನನ್ನ ಹೆಬ್ಬೆರಳಿನ ಪಾಠವೇ ಅಲ್ಲಿಯೂ ನಡೆದದ್ದು. ಶಾಲೆಗಳೂ ಬದಲಾದವು. ಡೆಹರಾಡೂನಿನ ಸಂಸ್ಥೆ 1983ರಲ್ಲಿ ಭಾರತೀಯ ದೂರಸಂವೇದಿ ಸಂಸ್ಥೆ ಎಂಬ ಹೆಸರು ಪಡೆದು, 2011ರಲ್ಲಿ ಇಸ್ರೋದ ನೇರ ಘಟಕವಾಯಿತು. ಐಟಿಸಿ 1971ರಲ್ಲಿ ಎನ್‌ಸ್ಕೆಡೆ ನಗರಕ್ಕೆ ಸ್ಥಳಾಂತರಗೊಂಡು, 2010ರಲ್ಲಿ ಅಲ್ಲಿನ ಟ್ವೆಂಟೆ ವಿಶ್ವವಿದ್ಯಾನಿಲಯದ ಒಂದು ವಿಭಾಗವಾಗಿ ಸೇರಿತು. ಕಾರ್ಖಾನೆಯ ಶಿಬಿರದಲ್ಲಿ ಹುಟ್ಟಿದ ವಿದ್ಯೆ ಹೀಗೆ ಕೊನೆಗೂ ವಿಶ್ವವಿದ್ಯಾನಿಲಯದ ಮನೆಮಗಳಾಯಿತು.

ಹಾಗಾದರೆ ಕಣ್ಣನ್ನು ಪಳಗಿಸುವ ಆ ಹಳೆಯ ಪಾಠ ಇನ್ನು ಬೇಡವೇ? ಕೆಲವು ಕಾಲ ನಾನೂ ಬೇಡವೆಂದೇ ಭಾವಿಸಿದ್ದೆ. ಉತ್ತರ ದೊರೆತದ್ದು ನಮ್ಮ ಊರಿನಲ್ಲಿಯೇ, ಡ್ರೋನಿನ ಚಿತ್ರಗಳಿಂದ ಸಿದ್ಧವಾದ ಕರಡು ನಕ್ಷೆಯನ್ನು ಸ್ಥಳದಲ್ಲಿ ತಾಳೆ ನೋಡಲು ಬಂದ ದಿನ.

ನಮ್ಮ ಬೀದಿಯ ಕೊನೆಯಲ್ಲಿ ಅಣ್ಣತಮ್ಮಂದಿರಿಬ್ಬರ ಮನೆಗಳಿವೆ. ನಡುವಿನ ಮಣ್ಣಿನ ಗೋಡೆಯ ಮೇಲೆ ದೊಡ್ಡ ಹಲಸಿನ ಮರವೊಂದು ಕೊಡೆ ಹಿಡಿದಂತೆ ಹರಡಿದೆ. ಇಬ್ಬರ ನಡುವೆ ಮಾತು ನಿಂತು ಎಷ್ಟೋ ವರ್ಷ. ಕರಡಿನಲ್ಲಿ ಆ ಗೋಡೆ ಮರದ ಹಸುರಿನೊಳಗೆ ಮಾಯವಾಗಿತ್ತು. ಅಣ್ಣ ಗೆರೆಯನ್ನು ಇತ್ತ ಎಳೆಯಿರಿ ಎಂದ. ತಮ್ಮ ಅತ್ತ ಎಂದ. ದನಿಗಳು ಏರಿದವು. ಬಂದವರಲ್ಲಿ ಇಪ್ಪತ್ತೈದರ ಆಸುಪಾಸಿನ ಹುಡುಗಿಯೊಬ್ಬಳಿದ್ದಳು. ಅವಳು ಇಬ್ಬರಿಗೂ ಚಿತ್ರವನ್ನು ತೋರಿಸಿ, "ಯಜಮಾನರೇ, ಕ್ಯಾಮೆರಾಕ್ಕೆ ಮರದ ತಲೆ ಕಾಣುತ್ತೆ, ಬುಡ ಕಾಣೋದಿಲ್ಲ. ಸೂರಿನ ಅಂಚು ಕಾಣುತ್ತೆ, ಗೋಡೆಯ ಪಾಯ ಕಾಣೋದಿಲ್ಲ. ಕಾಣದ ಕಡೆ ನಾವು ಕೈಯಲ್ಲೇ ಅಳೀಬೇಕು. ಟೇಪಿನ ಆ ತುದಿ ನೀವು ಹಿಡೀರಿ, ಈ ತುದಿ ನೀವು ಹಿಡೀರಿ" ಎಂದಳು. ವರ್ಷಗಳಿಂದ ಮುಖ ನೋಡದವರು ಒಂದೇ ಟೇಪಿನ ಎರಡು ತುದಿ ಹಿಡಿದು, ಅಡಿ ಅಂಗುಲಗಳನ್ನು ಒಬ್ಬರಿಗೊಬ್ಬರು ಕೂಗಿ ಹೇಳುವಂತಾಯಿತು. ಅವರು ರಾಜಿಯಾದರೆಂದು ನಾನು ಹೇಳುವುದಿಲ್ಲ. ಗೆರೆಯ ಬಗ್ಗೆ ಮಾತ್ರ ಆಮೇಲೆ ತಕರಾರು ಬರಲಿಲ್ಲ.

ಆ ಹುಡುಗಿ ಎಲ್ಲಿ ಓದಿದಳೋ ನಾನು ವಿಚಾರಿಸಲಿಲ್ಲ. ಆದರೆ ಅವಳಿಗೆ ಯಾರೋ ಒಬ್ಬರು ಚೆನ್ನಾಗಿ ಕಲಿಸಿದ್ದರು. ಯಂತ್ರ ತಾನು ಕಂಡದ್ದನ್ನು ಹೇಳುತ್ತದೆ. ಕಾಣದ್ದು ಯಾವುದು ಎಂಬುದನ್ನು ಕಲಿತ ಮನುಷ್ಯನೇ ಹೇಳಬೇಕು. ಒಂದು ಕಣ್ಣಿನ ಪುಲ್ಫ್ರಿಕ್ ಅವರಿಂದ ಹಿಡಿದು ಹಲಸಿನ ಮರದ ಕೆಳಗೆ ನಿಂತ ಆ ಹುಡುಗಿಯವರೆಗೆ ಶತಮಾನಕ್ಕೂ ಮೀರಿ ಕೈಯಿಂದ ಕೈಗೆ ಸಾಗಿಬಂದ ಪಾಠ ಇದೇ ಎಂದು ನನ್ನ ನಂಬಿಕೆ. ಡ್ರೋನನ್ನು ಕೊಂಡು ತರಬಹುದು. ಈ ಪಾಠವನ್ನು ಕಲಿಸಿಯೇ ಮುಂದುವರಿಸಬೇಕು. ಕಲಿತವರು ನಮ್ಮವರೇ ಆಗಿದ್ದರೆ ನಮ್ಮ ನೆಲದ ಗೆರೆ ನಮ್ಮೆದುರಿಗೇ ಬೀಳುತ್ತದೆ.

ತಂಗಿಯ ಮೊಮ್ಮಗ ಈಗ ದಾರಿಯಲ್ಲಿ ಕಂಡದ್ದಕ್ಕೆಲ್ಲ ಹೆಬ್ಬೆರಳು ಚಾಚಿ ಒಂದೊಂದೇ ಕಣ್ಣು ಮುಚ್ಚಿ ನೋಡುತ್ತಾನೆ. ಅವನ ತಾಯಿ "ಏನೋ ಅದು ಚೇಷ್ಟೆ" ಎಂದು ಗದರುತ್ತಾಳೆ. ಗದರಬೇಡವಮ್ಮ ಎಂದು ಈ ಮೂಲಕ ಕೇಳಿಕೊಳ್ಳುತ್ತೇನೆ. ನಿಮ್ಮ ಮನೆಗಳಲ್ಲಿಯೂ ಇಂತಹ ಚೇಷ್ಟೆಯ ಮಕ್ಕಳಿದ್ದರೆ, ಭೂಮಿಯನ್ನು ಅಳೆಯುವ ವಿದ್ಯೆಯೊಂದಿದೆ, ಅದನ್ನು ಕಲಿಸುವ ಶಾಲೆಗಳು ನಮ್ಮ ದೇಶದಲ್ಲಿಯೇ ಇವೆ ಎಂದು ತಿಳಿಸಿರಿ.